ಎರಡೇ ಸೀಟಿನ ಕಾರು, ಮೂವತ್ತೆಂಟು ಸಾಲಿನ ಪಟ್ಟಿ

೧

ಈ ಕಥೆಯನ್ನು ಕಾರಿನಿಂದ ಶುರು ಮಾಡುವುದೋ ಕಾಲುವೆಯಿಂದಲೋ ಎಂದು ಮೂರು ದಿನದಿಂದ ಯೋಚಿಸುತ್ತಿದ್ದೇನೆ. ಕಾರಿನಿಂದ ಶುರು ಮಾಡಿದರೆ ಜಾಹೀರಾತು ಅಂದುಕೊಂಡು ನೀವು ಪುಟ ತಿರುಗಿಸುತ್ತೀರಿ. ಕಾಲುವೆಯಿಂದ ಶುರು ಮಾಡಿದರೆ ಯಾರೋ ಮುಳುಗುತ್ತಾರೆ ಅಂತ ಆಸೆಯಿಂದ ಓದುತ್ತೀರಿ, ಯಾರೂ ಮುಳುಗದಿದ್ದಾಗ ನನ್ನನ್ನು ಬೈಯುತ್ತೀರಿ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಯಾರೂ ಸಾಯುವುದಿಲ್ಲ. ಒಬ್ಬ ಮನುಷ್ಯ ಒಂದು ಕಾರು ಕೊಳ್ಳಬೇಕೋ ಬೇಡವೋ ಅಂತ ನೋಡುತ್ತಾನೆ, ಅಷ್ಟೇ.

(ಕಥೆಗಾರ 'ಅಷ್ಟೇ' ಅಂದರೆ ನಂಬಬಾರದು. ನಾನೂ ನಂಬಿಲ್ಲ.)

೨

ಆ ಮನುಷ್ಯ ಶ್ರೀಕಂಠ, ಮೈಸೂರಿನವರು. ತಿರುವನಂತಪುರದ ಬಾಹ್ಯಾಕಾಶ ಕೇಂದ್ರದಲ್ಲಿ ರಾಕೆಟ್ಟು ದಾರಿ ತಪ್ಪದಂತೆ ನೋಡಿಕೊಳ್ಳುವ ಲೆಕ್ಕ ಬರೆಯುತ್ತಿದ್ದವರು, ಈ ವರ್ಷ ನಿವೃತ್ತರಾದರು. ಆಗಿನಿಂದ ಮಧ್ಯಾಹ್ನ ಊಟವಾಗಿ ಕಣ್ಣು ಮುಚ್ಚಿದರೆ ಒಂದು ಹಳದಿ ಕಾರು ಬರುತ್ತದೆ. ವಿಳಿಂಜಂ ಬಂದರಿನ ಕ್ರೇನುಗಳ ಕೆಳಗಿನಿಂದ ಸದ್ದಿಲ್ಲದೆ ಬಂದು, ನೀರಿನ ಮೇಲೆ ಒಂದು ಸುತ್ತು ತಿರುಗಿ, ಅವರ ಕಾಲ ಬಳಿ ನಿಲ್ಲುತ್ತದೆ. ಬಾಗಿಲು ತೆರೆಯುವಷ್ಟರಲ್ಲಿ ಎಚ್ಚರ.

ಮೊದಲ ಡ್ರಾಫ್ಟಿನಲ್ಲಿ ನಾನು ಅವರನ್ನು ಆ ಕಾರಿನಲ್ಲಿ ಕೂರಿಸಿ, ಕೊಚ್ಚಿಯ ಕಂಟೇನರ್ ರಸ್ತೆಯಲ್ಲಿ, ಎರಡೂ ಕಡೆ ಹಿನ್ನೀರು ಬೆಳ್ಳಗೆ ಹೊಳೆಯುತ್ತಿರುವಾಗ, ಕೂದಲು ಹಾರಿಸಿಕೊಂಡು ಹೋಗುವಂತೆ ಮಾಡಿದ್ದೆ. ಚೆನ್ನಾಗಿಯೇ ಬಂದಿತ್ತು. ಶ್ರೀಕಂಠ ಓದಿ, ಕನ್ನಡಕ ತೆಗೆದು, ಎರಡು ತಪ್ಪಿವೆ ಎಂದರು. ಮೊದಲನೆಯದು, ಕೂದಲು.

"ಎರಡನೇದು, ನಂಗೆ ಡ್ರೈವಿಂಗ್ ಬರೋಲ್ಲ."

ನಲವತ್ತು ವರ್ಷದಿಂದ ಕಾರಿನ ಪತ್ರಿಕೆಗಳನ್ನು ಕಟ್ಟುಕಟ್ಟಾಗಿ ಅಟ್ಟದ ಮೇಲಿಟ್ಟ ಮನುಷ್ಯ! ಡ್ರಾಫ್ಟು ಬುಟ್ಟಿಗೆ ಹೋಯಿತು.

೨ (ಮತ್ತೆ)

ಕಾಲುವೆಗೇ ಬರಬೇಕಾಯಿತು ನೋಡಿ. ಮೂವತ್ತೊಂದು ವರ್ಷದ ಹಿಂದೆ, ಮದುವೆಯಾದ ಹೊಸತು. ಸಹೋದ್ಯೋಗಿ ಪ್ರಮೋದನ ಹಳೇ ಕಾರು ತಂದು, ಪಕ್ಕದಲ್ಲಿ ಹೆಂಡತಿ ನಿರ್ಮಲರನ್ನು ಕೂರಿಸಿಕೊಂಡು, ಕ್ವಾರ್ಟರ್ಸಿನ ರಸ್ತೆಯಲ್ಲಿ ಓಡಿಸಿದರು. ತಿರುವು ಬಂತು. ಈ ವೇಗಕ್ಕೆ ಸ್ಟೀರಿಂಗ್ ಎಷ್ಟು ಡಿಗ್ರಿ ತಿರುಗಿಸಬೇಕೆಂದು ಶ್ರೀಕಂಠ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಉತ್ತರ ಸರಿಯಾಗಿಯೇ ಬಂತು. ಅದು ಬರುವ ಹೊತ್ತಿಗೆ ಕಾರು ಕಾಲುವೆಯಲ್ಲಿತ್ತು.

ನೀರು ಮೊಣಕಾಲಿನವರೆಗೆ ಇತ್ತು, ಅಷ್ಟೇ. ಅವರು ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ. ನಿರ್ಮಲ ಮುಂದಿನ ವಾರ ಡ್ರೈವಿಂಗ್ ಸ್ಕೂಲಿಗೆ ಸೇರಿದರು, ಅಲ್ಲಿಂದ ಮೂವತ್ತೊಂದು ವರ್ಷ ಗಂಡನನ್ನು ಕೇಂದ್ರದ ಗೇಟಿನವರೆಗೆ ಬಿಟ್ಟುಬಂದರು. ಹೊರಗಿನವರಿಗೆ ಗೇಟಿನಾಚೆ ಪ್ರವೇಶವಿಲ್ಲ. ಗಂಡ ಕಣ್ಮರೆಯಾಗುವ ತನಕ ನಿರ್ಮಲ ಅಲ್ಲೇ ನಿಂತು, ಆಮೇಲೆ ಕಾರು ತಿರುಗಿಸುತ್ತಿದ್ದರು. ಪಕ್ಕದಲ್ಲಿ ಕೂತಷ್ಟು ಹೊತ್ತೂ ಶ್ರೀಕಂಠರ ತೊಡೆಯ ಮೇಲೆ ಫೈಲು, ಕಣ್ಣು ಫೈಲಿನ ಮೇಲೆ.

(ನಿರ್ಮಲ ಇಲ್ಲಿ ಮೂಗು ತೂರಿಸಿ, "ನಾನು ಲೈಬ್ರರಿಯಲ್ಲಿ ಕೆಲಸ ಮಾಡ್ತಿದ್ದೆ, ಅದನ್ನೂ ಬರೀರಿ," ಎಂದರು. ಬರೆದಿದ್ದೇನೆ.)

೪

ಮೂರು ಎಲ್ಲಿ ಎಂದು ಕೇಳಬೇಡಿ. ಅದರಲ್ಲಿ ಬರೀ ಎಂಜಿನ್ನಿನ ವರ್ಣನೆ ಇತ್ತು.

ಕೇಂದ್ರದಲ್ಲಿ ಒಂದು ಪದ್ಧತಿ. ರಾಕೆಟ್ಟು ಹಾರಿಸುವ ಮುನ್ನ ಪ್ರತಿ ವಿಭಾಗದವರೂ ಸರದಿಯಂತೆ 'ಗೋ' ಅನ್ನಬೇಕು. ಒಬ್ಬರು 'ಹೋಲ್ಡ್' ಅಂದರೂ ಎಲ್ಲ ನಿಲ್ಲುತ್ತದೆ. ಶ್ರೀಕಂಠ ಇದನ್ನು ಮನೆಗೂ ತಂದಿದ್ದರು. ಮಿಕ್ಸಿಗೆ, ಸೋಫಾಕ್ಕೆ, ಮಗಳು ಮೇಧಾಳ ಕಾಲೇಜಿಗೆ, ಎಲ್ಲಕ್ಕೂ ಪಟ್ಟಿ, ಅಂಕ, ಕೊನೆಗೆ ಊಟದ ಮೇಜಿನಲ್ಲಿ ಮತದಾನ. ಮೇಧಾ ಹದಿನಾಲ್ಕು ಸಲ ಹೋಲ್ಡ್ ಅಂದಿದ್ದಾಳೆ. ನಿರ್ಮಲ ಒಂದು ಸಲವೂ ಅಂದವರಲ್ಲ.

ಕಾರಿನ ಪಟ್ಟಿ ಮೂವತ್ತೆಂಟು ಸಾಲಿನದು. ಕಣದಲ್ಲಿ ಎರಡು: ಎಂಜಿನ್ ನಡುವೆ ಇರುವ ಜರ್ಮನಿಯ ಹಳದಿ, ಎಂಜಿನ್ ಮುಂದಿರುವ ಜಪಾನಿನ ಕೆಂಪು. ಎರಡೂ ಸೆಕೆಂಡ್ ಹ್ಯಾಂಡ್. ತಿರುವಿನಲ್ಲಿ ಹಿಡಿತ, ಬ್ರೇಕು, ತೂಕದ ಹಂಚಿಕೆ, ಬೆಲೆ. ಸೀಟ್ ಬೆಲ್ಟಿಗೂ ಹಳದಿ ಬಣ್ಣ ಬೇಕೆಂದು ಮೊದಲ ಮಾಲೀಕ ತೆತ್ತ ಹೆಚ್ಚುವರಿ ಹಣದಲ್ಲಿ ಒಂದು ವಾಷಿಂಗ್ ಮಷೀನ್ ಬರುತ್ತಿತ್ತು. ಇಪ್ಪತ್ತೆರಡನೆಯ ಸಾಲು ರಸ್ತೆಯುಬ್ಬು: ಮನೆಯಿಂದ ಚಾಲೈ ಪೇಟೆಯವರೆಗಿನ ಪ್ರತಿ ಹಂಪನ್ನೂ ಅವರು ಸ್ಕೇಲು ಹಿಡಿದು ಅಳೆದಿದ್ದರು, ಪೊಲೀಸರು ಒಮ್ಮೆ ವಿಚಾರಿಸಿದ್ದರು. ಇಪ್ಪತ್ತಮೂರನೆಯದು ನಿರ್ಮಲ ಕೇಳಿದ ಒಂದೇ ಪ್ರಶ್ನೆ: ಡಿಕ್ಕಿಯಲ್ಲಿ ಒಂದು ಗೊನೆ ನೇಂದ್ರ ಬಾಳೆ ಹಿಡಿಸುತ್ತದೆಯೇ? ಹಳದಿಯಲ್ಲಿ ಹಿಡಿಸುತ್ತದೆ.

ಒಟ್ಟು ಅಂಕದಲ್ಲಿ ಹಳದಿ ಗೆದ್ದಿತು. ಮೈಸೂರಿನಲ್ಲಿ ಸೈಟು ಕೊಳ್ಳಲೆಂದು ಇಟ್ಟ ಹಣ ಇದಕ್ಕೆ ಸರಿಹೋಗುತ್ತಿತ್ತು. ನಿರ್ಮಲ ಅದಕ್ಕೂ ಏನೂ ಅನ್ನಲಿಲ್ಲ.

೫

ಕೊಚ್ಚಿಗೆ ಅವರ ಹಳೇ ಸಣ್ಣ ಕಾರಿನಲ್ಲೇ ಹೋದೆವು. ನಿರ್ಮಲ ಓಡಿಸಿದರು, ಶ್ರೀಕಂಠ ಪಕ್ಕದಲ್ಲಿ ಪಟ್ಟಿ ತಿದ್ದುತ್ತಿದ್ದರು, ನಾನು ಹಿಂದಿನ ಸೀಟಿನಲ್ಲಿ ಬಾಳೆಕಾಯಿ ಚಿಪ್ಸಿನ ಪೊಟ್ಟಣ ಕಾಯುತ್ತಿದ್ದೆ. ವೈಟ್ಟಿಲ ಜಂಕ್ಷನ್ ದಾಟಿ ಸ್ವಲ್ಪ ದೂರದಲ್ಲಿ ಶೋರೂಮು. ಅಲ್ಲಿನ ಆಯೇಷಾ ಕಾಸರಗೋಡಿನವಳು, ಕನ್ನಡ ಶಾಲೆಯಲ್ಲಿ ಓದಿದವಳು. ನಾವು ಮಾತಾಡುವುದು ಕೇಳಿ ಅವಳ ಮುಖ ಅರಳಿತು.

ಹಳದಿ ಕಾರು ಬಿಸಿಲಿನಲ್ಲಿ ನಿಂತಿತ್ತು. ಶ್ರೀಕಂಠ ಅದರ ಸುತ್ತ ಮೂರು ಸಲ ಬಂದರು, ಮುಟ್ಟಲಿಲ್ಲ. ಒಂದು ಗಂಟೆ ಪಟ್ಟಿಯ ಪ್ರಕಾರ ಪ್ರಶ್ನೆ ಕೇಳಿದರು, ಆಯೇಷಾ ಒಂದಕ್ಕೂ ತಡವರಿಸಲಿಲ್ಲ. ಆಮೇಲೆ ಬೀಗದ ಕೈ ಎತ್ತಿ ಹಿಡಿದಳು.

"ಟೆಸ್ಟ್ ಡ್ರೈವ್ ಉಂಟಲ್ಲ ಸರ್, ಓಡಿಸುವುದು ಯಾರು?"

ಶ್ರೀಕಂಠ ಪಟ್ಟಿ ನೋಡಿದರು. ಒಂದರಿಂದ ಮೂವತ್ತೆಂಟರವರೆಗೆ ಬೆರಳಾಡಿಸಿದರು, ಹಾಳೆ ತಿರುಗಿಸಿ ಹಿಂದೆಯೂ ನೋಡಿದರು. ಅಂಥದೊಂದು ಸಾಲೇ ಅಲ್ಲಿರಲಿಲ್ಲ. ಆರು ತಿಂಗಳು ಆ ಮನೆಯಲ್ಲಿ ಮೂವರು ತಲೆ ಕೆಡಿಸಿಕೊಂಡಿದ್ದರು, ಈ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ.

(ನನಗೂ. ಇಲ್ಲದಿದ್ದರೆ ಮೊದಲ ಡ್ರಾಫ್ಟು ಬರೆಯುತ್ತಿದ್ದೆನೇ?)

ನಿರ್ಮಲ ಕೈ ಚಾಚಿದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಬಿಟ್ಟು, ಆ ತಗ್ಗಿನ ಸೀಟಿಗೆ ಇಳಿದರು. ಶ್ರೀಕಂಠ ಎಡಬಾಗಿಲಿಗೆ ಹೋದರೆ ಆಯೇಷಾ ಅಡ್ಡ ಬಂದಳು. ಶೋರೂಮಿನವರು ಒಬ್ಬರು ಜೊತೆಗಿರಲೇಬೇಕಂತೆ, ನಿಯಮ. ಇರುವುದು ಎರಡೇ ಸೀಟು.

ಹಳದಿ ಕಾರು ಗೇಟು ದಾಟಿ ಹೋಯಿತು. ಗೇಟಿನಲ್ಲಿ ಶ್ರೀಕಂಠ ನಿಂತರು.

೬

ಈಗ ನಾನು ಆ ಸವಾರಿಯನ್ನು ವರ್ಣಿಸಬೇಕು. ಹೇಗೆ ವರ್ಣಿಸಲಿ? ನಾನೂ ಗೇಟಿನಲ್ಲೇ ಇದ್ದೇನೆ. ಬೇರೆ ಕಥೆಗಾರರಾದರೆ ಗಾಳಿಯಂತೆ ಎಲ್ಲಿ ಬೇಕಾದರೂ ನುಗ್ಗುತ್ತಾರೆ, ನನಗೆ ಆ ಅಭ್ಯಾಸವಿಲ್ಲ. ಬೇಕಿದ್ದರೆ ಊಹೆ ಕೊಡಬಲ್ಲೆ.

ಅ) ನಿರ್ಮಲ ಎಂದಿನಂತೆ ನಲವತ್ತರಲ್ಲಿ ಹೋಗುತ್ತಿದ್ದಾರೆ, ಆಟೋಗಳು ಅವರನ್ನು ಹಿಂದಿಕ್ಕುತ್ತಿವೆ.

ಆ) ನೀರಿನ ನಡುವಿನ ರಸ್ತೆಯಲ್ಲಿ ಕಾರು ನೆಲ ಬಿಟ್ಟಿದೆ. ಮೀನುಗಾರರ ಚೀನಾಬಲೆಗಳು ಕೆಳಗೆ ಚಿಕ್ಕದಾಗುತ್ತಿವೆ. ನಿರ್ಮಲ ಯಾವ ಲೆಕ್ಕವನ್ನೂ ಹಾಕದೆ ಒಂದು ಮೋಡವನ್ನು ಬಳಸಿ ತಿರುಗುತ್ತಿದ್ದಾರೆ.

ಶ್ರೀಕಂಠರಿಗೆ ಎರಡನೆಯದು ಇಷ್ಟವಾಯಿತು, ಆದರೆ ಹೊಗಳಲಿಲ್ಲ. ಹದಿನೈದು ನಿಮಿಷವೆಂದು ಹೋದವರು ಅರ್ಧ ಗಂಟೆಯಾದರೂ ಬಂದಿರಲಿಲ್ಲ. ಸೆಕ್ಯೂರಿಟಿಯವರು ಕುರ್ಚಿ ಕೊಟ್ಟರು, ಶ್ರೀಕಂಠ ಕೂರಲಿಲ್ಲ. ರಸ್ತೆಯನ್ನೇ ನೋಡುತ್ತಾ ಮೆಲ್ಲಗೆ ಹೇಳಿದರು:

"ದಿನಾ ಹೀಗೇ ನಿಂತಿರ್ತಿದ್ಲೇನ್ರೀ ಇವಳು? ನಾನು ಒಂದಿನಾನೂ ತಿರುಗಿ ನೋಡ್ಲಿಲ್ಲ."

ಅವರಿಗೆ ದುಃಖವಾಗಿತ್ತು. ನಾಚಿಕೆಯೂ ಆಗಿತ್ತು. ನಾನು ಚಿಪ್ಸಿನ ಪೊಟ್ಟಣ ಮುಂದೆ ಮಾಡಿದೆ, ಬೇಡವೆಂದರು. ಜೇಬಿನಿಂದ ಪೆನ್ಸಿಲ್ ತೆಗೆದು ಪಟ್ಟಿಯ ಕೆಳಗೆ ಮೂವತ್ತೊಂಬತ್ತನೆಯ ಸಾಲು ಬರೆದರು: ಓಡಿಸುವವರು, ನಿರ್ಮಲ. ಅದಕ್ಕೆಷ್ಟು ಅಂಕ ಎಂಬ ಕಡೆ ಪೆನ್ಸಿಲ್ ನಿಂತಿತು.

೭

ಬಂದರು. ನಿರ್ಮಲರ ತುರುಬು ಬಿಚ್ಚಿತ್ತು. ಹೇಗಿತ್ತೆಂದು ಶ್ರೀಕಂಠ ಕೇಳಿದರೆ, ಹೇಳುವುದಕ್ಕೆ ಬರುವುದಿಲ್ಲ ಎಂದರು. ಟೋಲಿನ ಹತ್ತಿರ ಮೇಡಂ ಒಬ್ಬರೇ ನಗುತ್ತಿದ್ದರು ಎಂದಷ್ಟೇ ಆಯೇಷಾ ವರದಿ ಮಾಡಿದಳು.

ಅಲ್ಲೇ ಮತದಾನವಾಯಿತು. ಫೋನಿನಲ್ಲಿ ಮೇಧಾ: "ಅಪ್ಪಾ, ಅಡಿಪೊಳಿ! ಗೋ." ಅವಳ ಕನ್ನಡ 'ಅಪ್ಪಾ' ಎಂಬಲ್ಲಿಗೆ ಮುಗಿಯುತ್ತದೆ; ಅಡಿಪೊಳಿ ಅಂದರೆ ಮಲಯಾಳದಲ್ಲಿ ಭರ್ಜರಿ. ಆಮೇಲೆ ಎಲ್ಲರೂ ನಿರ್ಮಲರನ್ನು ನೋಡಿದೆವು.

"ಹೋಲ್ಡ್," ಎಂದರು ನಿರ್ಮಲ.

ಮೂವತ್ತೊಂದು ವರ್ಷದಲ್ಲಿ ಮೊದಲ ಸಲ. ಶ್ರೀಕಂಠರ ಮುಖ ಬಿಳಿಚಿತು. ಕಾರು ಇಷ್ಟವಾಗಲಿಲ್ಲವೇ ಎಂದರು.

"ನಂಗೆ ಗೊತ್ತಾಯ್ತು ರೀ, ನಿಮಗೆ ಗೊತ್ತಾಗ್ಲಿಲ್ಲ. ಪಕ್ಕದಲ್ಲಿ ಬಂದು ಕೂತ್ಕೊಳ್ಳಿ. ಆಮೇಲೆ ಬೇಕು ಬೇಡ ಹೇಳಿ. ಪೇಪರ್ ಇಲ್ಲೇ ಬಿಟ್ಟು ಬನ್ನಿ."

ಶ್ರೀಕಂಠ ಕದಲಲಿಲ್ಲ. ನಲವತ್ತು ವರ್ಷ ಕಾಗದದ ಮೇಲೆ ತಿರುಗಿಸಿದ ತಿರುವು ಅದು. ಈಗ ಮೈಗೆ ಬೇರೆಯೇ ಅನಿಸಿದರೆ, ಮಧ್ಯಾಹ್ನ ಕಣ್ಣು ಮುಚ್ಚಿದಾಗ ಏನು ಬರುತ್ತದೆ? ಅವರಿಗಿದ್ದ ಭಯ ಅದೊಂದೇ, ನನಗೆ ಚೆನ್ನಾಗಿ ಗೊತ್ತು.

"ಲೆಕ್ಕ ತಪ್ಪಿದ್ರೆ?"

"ತಪ್ಪಿದ್ರೆ ತಪ್ಲಿ. ಅವತ್ತೂ ಮೊಣಕಾಲುದ್ದ ನೀರೇ ಇದ್ದಿದ್ದು."

ಆಯೇಷಾ ಒಳಗೆ ನೋಡಿದಳು. ಮ್ಯಾನೇಜರ್ ಊಟಕ್ಕೆ ಹೋಗಿದ್ದರು. ನಿಯಮವೂ ಅವರ ಜೊತೆಗೆ ಹೋಗಿದೆ ಅಂದುಕೊಂಡಳೋ ಏನೋ, ಎಡಬಾಗಿಲು ತೆರೆದು ಸರಿದು ನಿಂತಳು. ಶ್ರೀಕಂಠ ಪಟ್ಟಿಯನ್ನು ನನ್ನ ಕೈಗಿತ್ತರು. ಕಾರು ಹೊರಟಿತು.

೮

ನಿಮಗೆ ಅಂತ್ಯ ಬೇಕು. ಮೂರು ಬರೆದಿಟ್ಟಿದ್ದೆ. ಒಂದರಲ್ಲಿ ಶ್ರೀಕಂಠ ಗೋ ಅಂದು, ಹಳದಿ ಕಾರಿನಲ್ಲಿ ಚಾಲೈನಿಂದ ಬಾಳೆಗೊನೆ ಬರುತ್ತದೆ. ಇನ್ನೊಂದರಲ್ಲಿ ಬೇಡವೆಂದು ಸೈಟು ಕೊಳ್ಳುತ್ತಾರೆ. ಮೂರನೆಯದರಲ್ಲಿ, ಅರವತ್ತರ ವಯಸ್ಸಿನಲ್ಲಿ, ಹೆಂಡತಿ ಕಲಿತ ಸ್ಕೂಲಿಗೇ ಹೋಗಿ 'ಎಲ್' ಬೋರ್ಡು ಕಟ್ಟಿಕೊಳ್ಳುತ್ತಾರೆ. ಕಾರು ಹತ್ತುವ ಮುನ್ನ ನಿರ್ಮಲರಿಗೆ ಮೂರನ್ನೂ ತೋರಿಸಿದ್ದೆ. ಅವರು ಓದಿ, ಮಡಿಸಿ, ಮೂವತ್ತು ವರ್ಷ ಪುಸ್ತಕ ಕೊಟ್ಟು ತೆಗೆದುಕೊಂಡ ಕೈಯಿಂದ ನನಗೇ ಹಿಂತಿರುಗಿಸಿದರು.

ಅವರಿಬ್ಬರೂ ಹೊರಟು ಈಗ ಒಂದೂಕಾಲು ಗಂಟೆಯಾಯಿತು. ಗೇಟು ದಾಟುವಾಗ ಇಂಡಿಕೇಟರ್ ಎಡಕ್ಕೆ ಮಿನುಗುತ್ತಿತ್ತು, ಕಾರು ಬಲಕ್ಕೆ ತಿರುಗಿದ್ದನ್ನು ನಾನು ಕಣ್ಣಾರೆ ಕಂಡೆ. ಮ್ಯಾನೇಜರ್ ಬರುವ ಹೊತ್ತು. ಮೇಧಾ ಎರಡು ಸಲ ಫೋನ್ ಮಾಡಿದಳು, ಗೋವೋ ಹೋಲ್ಡೋ ಎಂದು. ಗೊತ್ತಿಲ್ಲ ಎಂದೆ. ಆಯೇಷಾ ಗೇಟಿನಾಚೆ ಕತ್ತು ಚಾಚಿ ನೋಡಿ, ನನ್ನ ಕಡೆ ತಿರುಗಿದಳು.

"ನೀವಲ್ವಾ ಕಥೆ ಬರೆಯುವುದು? ಅವರು ಎಲ್ಲಿಗೆ ಹೋದದ್ದು ಅಂತ ನಿಮಗಾದರೂ ಗೊತ್ತಿರಬೇಕಲ್ಲ."

ನನ್ನ ಕೈಯಲ್ಲಿ ಪಟ್ಟಿ ಇದೆ. ಮೂವತ್ತೊಂಬತ್ತನೆಯ ಸಾಲಿನ ಎದುರು ಅಂಕದ ಜಾಗ ಖಾಲಿಯಿದೆ, ಅದನ್ನು ನಾನು ತುಂಬುವ ಹಾಗಿಲ್ಲ. ನಿಮಗೆ ಬೇರೆ ಕೆಲಸವಿದ್ದರೆ ಹೊರಡಿ. ಸೆಕ್ಯೂರಿಟಿಯವರು ನನಗೂ ಕುರ್ಚಿ ಕೊಟ್ಟರು. ಬೇಡ, ಗೇಟಿನಲ್ಲಿ ನಿಂತೇ ಇರುತ್ತೇನೆ ಎಂದೆ.