ಅತ್ತಿಗೆಯ ಆಲ್ಬಂ

ಮೊದಲ ಸೈಡ್ ಮುಗಿಯಲು ಇನ್ನೊಂದೇ ಟ್ಯೂನ್ ಬಾಕಿ ಇತ್ತು. ಅದು ಮುಗಿದು ರೆಕಾರ್ಡನ್ನು ಮಗುಚಿ ಹಾಕುವಷ್ಟರೊಳಗೆ ಹೇಳಿಬಿಡಬೇಕು ಎಂದುಕೊಂಡು ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ರೆಕಾರ್ಡು ತಿರುಗುತ್ತಿರುವಾಗ ಯಾರೂ ಮಾತಾಡುವಂತಿಲ್ಲ. ಗಂಡ ಇದ್ದಾಗ ಮಾಡಿದ ಕಟ್ಟುಪಾಡು ಅದು. ಕೆಮ್ಮು ಬಂದವರು ಹೊರಗೆ ಹೋಗಿ ಕೆಮ್ಮಿ ಬರಬೇಕು.

ಹಾಲ್‌ನಲ್ಲಿ ಮೂವರು ಕೂತಿದ್ದರು. ಕಿಟಕಿಯ ಪಕ್ಕ ಹಲ್ಲಿನ ಡಾಕ್ಟರು, ಗೋಡೆಗೆ ಒರಗಿ ಔಷಧಿ ಅಂಗಡಿಯವರು, ಕೆಳಗೆ ಚಾಪೆಯ ಮೇಲೆ ನಿವೃತ್ತ ಭೂಗೋಳದ ಮೇಷ್ಟ್ರು. ಟ್ಯೂನಿನ ನಡುವೆ ಬೇಸ್ ಎಂಬ ದೊಡ್ಡ ತಂತಿವಾದ್ಯ ಒಂಟಿಯಾಗಿ ನುಡಿಯುವಾಗ ಸ್ಟುಡಿಯೋದಲ್ಲಿ ಯಾರದೋ ಕುರ್ಚಿ ಕಿರ್ ಎನ್ನುತ್ತದೆ. 1957ರ ಯಾವುದೋ ಮಧ್ಯಾಹ್ನ ಸದ್ದು ಮಾಡಿದ ಆ ಕುರ್ಚಿಗಾಗಿ ಮೂವರೂ ಉಸಿರು ಬಿಗಿಹಿಡಿದರು. ಕಿರ್ ಎಂದಿತು. ಮೂವರೂ ಒಟ್ಟಿಗೆ ತೋರುಬೆರಳು ಎತ್ತಿದರು. ಮೇಷ್ಟ್ರು ಅವಳತ್ತ ತಿರುಗಿ, ಕೇಳಿಸಿತಲ್ಲವೇ ಎಂಬಂತೆ ನಕ್ಕರು. ಅವಳೂ ನಕ್ಕಳು.

ಇದು ಅತ್ತಿಗೆಯ ಆಲ್ಬಂ. ಅವಳ ಗಂಡನನ್ನು ಅಣ್ಣ ಎನ್ನುತ್ತಿದ್ದ ಈ ಗೆಳೆಯರು ಮೂವರೂ ಅದನ್ನು ಹಾಗೆಯೇ ಕರೆಯುತ್ತಿದ್ದರು. ಬಿಳಿ ಗೋಡೆಗೆ ಏಣಿ ಒರಗಿಸಿದ ಚಿತ್ರದ ರಟ್ಟು, ಒಳಗೆ ನಾಲ್ಕು ಜನರ ಜಾಝ್. ಯಾರ ಮನೆಯಲ್ಲಿ ಸೇರುತ್ತಾರೋ ಆ ಮನೆಯವರಿಗೆ ಇಷ್ಟವಾದ ಆಲ್ಬಂ ಮೊದಲು, ಆಮೇಲೆ ಒಬ್ಬೊಬ್ಬರೂ ತಂದದ್ದು. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಅಂದಿನಿಂದ ಮೂವರೂ ಬೇರೆ ಮನೆಗಳಿಗೆ ಹೋಗುವುದನ್ನೇ ಬಿಟ್ಟು ಪ್ರತಿ ಭಾನುವಾರ ಇಲ್ಲಿಗೇ ಬರುತ್ತಿದ್ದರು. ಅತ್ತಿಗೆ ಒಬ್ಬರೇ ಆಗಬಾರದು ಎಂದು.

ಮದುವೆಯಾದ ಹೊಸತರಲ್ಲಿ ಗಂಡ ಅರ್ಧ ಕಪಾಟು ರೆಕಾರ್ಡುಗಳನ್ನು ಅವಳಿಗೆ ಕೇಳಿಸಿ, ಇದರಲ್ಲಿ ಯಾವುದು ಇಷ್ಟವಾಯಿತು ಎಂದು ಕೇಳಿದ್ದ. ಅವಳು ಏಣಿಯ ಚಿತ್ರ ತೋರಿಸಿದ್ದಳು. ಎಲ್ಲಕ್ಕಿಂತ ಬೇಗ ಮುಗಿದದ್ದು ಅದೇ. ಗಂಡ ಅದನ್ನು ಗೆಳೆಯರಿಗೆಲ್ಲ ಹೇಳಿಕೊಂಡು ಓಡಾಡಿದ.

ಅವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಟಿಂಗ್ ವಿಭಾಗದಲ್ಲಿದ್ದಳು. ವಾರದಲ್ಲಿ ಆರು ದಿನ ಕೆಲಸ. ಈಗ ಅಲ್ಲಿನ ಸೂಪರ್‌ವೈಸರ್ ಗೆಳತಿಯೂ ಅವಳೂ ಸೇರಿ ಭಾನುವಾರ ಮಧ್ಯಾಹ್ನ ಹುಡುಗಿಯರಿಗೆ ಕಟಿಂಗ್ ಕಲಿಸುವ ಕ್ಲಾಸು ಶುರುಮಾಡುವುದೆಂದು ಮಾತಾಗಿತ್ತು. ಉದ್ದದ ಮೇಜು ಹಿಡಿಸುವ ಜಾಗ ಈ ಹಾಲ್ ಒಂದೇ. ಬೆಳಿಗ್ಗೆ ಗೆಳತಿ ಫೋನಿನಲ್ಲಿ ಸುತ್ತಿಬಳಸದೆ ಹೇಳಿದ್ದಳು: "ಇವತ್ತು ಆ ಮೂರು ಜನಕ್ಕೆ ಹೇಳ್ತೀಯೋ ಇಲ್ವೋ? ಸಂಜೆ ಒಳಗೆ ಗೊತ್ತಾಗ್ಬೇಕು. ಪ್ಯಾಕಿಂಗ್‌ನವಳು ತನ್ನ ಮನೆ ಮಹಡಿ ಕೊಡ್ತೀನಿ, ನನ್ನನ್ನೂ ಸೇರಿಸ್ಕೋ ಅಂತಿದಾಳೆ. ಆಮೇಲೆ ನನ್ನ ಬಿಟ್ಟು ಮಾಡಿದ್ರಿ ಅಂತ ಅತ್ರೆ ನಾನು ಜವಾಬ್ದಾರಳಲ್ಲ."

ಟ್ಯೂನ್ ಮುಗಿಯಿತು. ಔಷಧಿ ಅಂಗಡಿಯವರು ಎದ್ದು ಸೂಜಿ ಎತ್ತಿದರು.

"ನನಗೆ ಈ ರೆಕಾರ್ಡು ಇಷ್ಟ ಇಲ್ಲ," ಎಂದಳು ಅವಳು.

ಅವಳು ಹೇಳಬೇಕೆಂದುಕೊಂಡಿದ್ದ ಮಾತು ಬೇರೆಯೇ. ಹಾಲ್ ಬೇಕು ಎಂದು ಶುರುಮಾಡಬೇಕಿತ್ತು. ಬಾಯಿಗೆ ಇದು ಮೊದಲು ಬಂತು.

ಔಷಧಿ ಅಂಗಡಿಯವರು ರೆಕಾರ್ಡನ್ನು ಎರಡೂ ಅಂಗೈಗಳ ನಡುವೆ ಹಿಡಿದುಕೊಂಡೇ ನಿಂತರು. ಮೇಷ್ಟ್ರ ನಗು ಅರ್ಧಕ್ಕೇ ನಿಂತಿತ್ತು. ಬೇಸರವಾಯಿತೇನೋ ಎಂದುಕೊಂಡಳು ಅವಳು.

"ಅಬ್ಬಾ!" ಎಂದರು ಔಷಧಿ ಅಂಗಡಿಯವರು. "ಇಷ್ಟು ವರ್ಷಕ್ಕೆ ಒಬ್ಬರಾದ್ರೂ ಬಾಯಿಬಿಟ್ರಲ್ಲಪ್ಪ! ಆ ಪಿಯಾನೋದವನು ಎದ್ದು ಮನೆಗೆ ಹೋಗೋ ಅವಸರದಲ್ಲಿ ನುಡಿಸಿದಾನೆ. ಅತ್ತಿಗೆಗೆ ಇಷ್ಟ ಅಂತ ಸುಮ್ಮನಿದ್ದೆ."

"ನೀವು ಸುಮ್ಮನಿದ್ರಾ? ಗೊರಕೆ ಹೊಡೀತಿದ್ರಿ," ಎಂದರು ಡಾಕ್ಟರು. "ಅಂಗಡಿಯಲ್ಲಿ ನಿದ್ದೆ ಮಾತ್ರೆ ಬದಲು ಇದನ್ನೇ ಮಾರಿ."

"ಕುರ್ಚಿ?" ಎಂದರು ಮೇಷ್ಟ್ರು. "ಕುರ್ಚಿ ಸದ್ದಿಗೆ ಬೆರಳು ಎತ್ತುತ್ತಿದ್ರಲ್ಲ ಇಬ್ಬರೂ!"

"ಮೇಷ್ಟ್ರೇ, ಇಡೀ ಆಲ್ಬಮ್ಮಿನಲ್ಲಿ ಜೀವ ಇರೋದು ಆ ಕುರ್ಚಿಗೆ ಮಾತ್ರ," ಎಂದರು ಔಷಧಿ ಅಂಗಡಿಯವರು.

ಮೂವರೂ ಬಿದ್ದು ಬಿದ್ದು ನಕ್ಕರು. ಅವಳಿಗೂ ನಗು ಬಂತು, ಅದು ಅವಳಿಗೇ ಇಷ್ಟವಾಗಲಿಲ್ಲ. ನಗು ಇಳಿಯುವುದರೊಳಗೆ ಡಾಕ್ಟರು ಕಪಾಟಿನ ಮುಂದೆ ಮಂಡಿಯೂರಿ ಆಗಿತ್ತು.

"ಅತ್ತಿಗೆಗೆ ಕಿವಿ ಇದೆ, ನಾವೇ ತಿಳ್ಕೊಂಡಿರಲಿಲ್ಲ. ಹೇಳಿ, ಪಿಯಾನೋ ಬೇಡ ಅಂತೀರಾ? ಪಿಯಾನೋನೇ ಇಲ್ಲದ ನಾಲ್ಕು ಜನರದ್ದು ಒಂದಿದೆ."

"ಡಾಕ್ಟ್ರೇ, ಹಾಗಲ್ಲ. ನನಗೆ ಜಾಝೇ ಇಷ್ಟ ಇಲ್ಲ. ಮೊದಲಿಂದಲೂ."

"ಅಣ್ಣನೂ ಇದನ್ನೇ ಹೇಳಿದ್ರು, ಗೊತ್ತಾ?" ಎಂದರು ಮೇಷ್ಟ್ರು ಉತ್ಸಾಹದಿಂದ. "ದೊಡ್ಡ ಬ್ಯಾಂಡಿನ ಗದ್ದಲ ಕೇಳಿ ಕೇಳಿ, ಇನ್ನು ಸಾಕು, ರೇಡಿಯೋನೇ ಮುಟ್ಟಲ್ಲ ಅಂದವರು. ನಾನೇ ಐವತ್ತರ ದಶಕದ ಒಂದು ಟೆನರ್ ಸ್ಯಾಕ್ಸೊಫೋನ್ ಕೇಳಿಸಿದೆ. ಆಮೇಲೆ ನೋಡಿ." ಅವರು ಕಪಾಟಿನತ್ತ ಕೈ ತೋರಿಸಿದರು. ನೆಲದಿಂದ ಸೂರಿನವರೆಗೆ, ಗೋಡೆಯ ಉದ್ದಕ್ಕೂ ರೆಕಾರ್ಡುಗಳಿದ್ದವು.

"ನನಗೆ ಈ ಹಾಲ್ ಬೇಕು," ಎಂದಳು ಅವಳು. ಈ ಬಾರಿ ಸರಿಯಾಗಿ ಹೇಳಿದಳು. "ಭಾನುವಾರ ಮಧ್ಯಾಹ್ನ. ಹುಡುಗಿಯರಿಗೆ ಕಟಿಂಗ್ ಕ್ಲಾಸು ಮಾಡಬೇಕು ಅಂತಿದೀನಿ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಷ್ಟೇನಾ?" ಎಂದರು ಡಾಕ್ಟರು. "ಇದಕ್ಕೆ ಇಷ್ಟು ಸಂಕೋಚನಾ ಅತ್ತಿಗೆ? ಧಾರಾಳವಾಗಿ ಮಾಡಿ. ನಿಮ್ಮ ಮನೆ."

ಅವಳ ಹೆಗಲು ಸಡಿಲವಾಯಿತು. ಆ ನಿರಾಳ ಹೆಚ್ಚು ಹೊತ್ತು ಉಳಿಯಲಿಲ್ಲ.

"ನಾವು ಈ ಕಡೆ ಮೂಲೆಯಲ್ಲಿ ಕೂರ್ತೀವಿ. ಮೇಜು ಆ ಕಡೆ ಹಾಕ್ಕೊಳ್ಳಿ. ನನ್ನ ಕ್ಲಿನಿಕ್‌ನಲ್ಲೂ ಕೆಲಸದ ಹೊತ್ತಲ್ಲಿ ಜಾಝ್ ಹಾಕ್ತೀನಲ್ಲ, ಕೈಗೆ ಒಂದು ಹದ ಬರುತ್ತೆ."

"ಬಟ್ಟೆ ಧೂಳು?" ಎಂದರು ಔಷಧಿ ಅಂಗಡಿಯವರು, ನಿಜವಾದ ಗಾಬರಿಯಿಂದ. "ಹತ್ತಿ ಎಳೆ ಒಂದು ಸೂಜಿಗೆ ಸಿಕ್ಕರೆ ಮುಗೀತು. ಕಪಾಟಿಗೆ ಗಾಜಿನ ಬಾಗಿಲು ಹಾಕಿಸಲೇಬೇಕು. ನಾನೇ ಹಾಕಿಸ್ತೀನಿ. ಟೇಪ್ ಇದೆಯಾ ಅತ್ತಿಗೆ?"

ಅವಳ ಕೊರಳಲ್ಲೇ ಇತ್ತು. ಔಷಧಿ ಅಂಗಡಿಯವರು ಅದನ್ನು ತೆಗೆದುಕೊಂಡು ಕಪಾಟಿನ ಅಗಲ ಅಳೆಯತೊಡಗಿದರು. ಹಾಲ್‌ನ ಅರ್ಧ ಉದ್ದಕ್ಕೆ ಟೇಪು ಸಾಲಲಿಲ್ಲ. ಡಾಕ್ಟರು ಅದರ ತುದಿಗೆ ಬೆರಳಿಟ್ಟು ಹಿಡಿದರು.

"ಒಂದು ಕೆಲಸ ಮಾಡಿ," ಎಂದಳು ಅವಳು. "ಇವನ್ನೆಲ್ಲ ನೀವು ಮೂವರೂ ಹಂಚಿಕೊಂಡುಬಿಡಿ. ನಿಜವಾಗ್ಲೂ ಹೇಳ್ತಿದೀನಿ. ನಿಮ್ಮ ಮನೇಲಿದ್ರೆ ಅವರಿಗೂ ಸಂತೋಷ."

ಟೇಪು ಕೆಳಗೆ ಬಿತ್ತು. ಮೇಷ್ಟ್ರು ಚಾಪೆಯಿಂದ ಎದ್ದು ಬಂದು ಅವಳೆದುರು ನಿಂತರು. ಅವರ ಕಣ್ಣು ತುಂಬಿಕೊಂಡಿತ್ತು.

"ಅಣ್ಣ ಒಂದೊಂದಾಗಿ ಕೂಡಿಸಿದ್ದನ್ನ ನಾವು ಮೂರು ಪಾಲು ಮಾಡೋದಾ? ಅತ್ತಿಗೆ, ಇದು ನೀವು ಹೇಳ್ತಿರೋ ಮಾತಲ್ಲ. ದುಃಖ ಹೇಳಿಸ್ತಿದೆ. ನನ್ನ ಹೆಂಡತಿ ಹೋದಾಗ ನಾನೂ ಅವಳ ಸೀರೆಗಳನ್ನೆಲ್ಲ ಯಾರಿಗಾದ್ರೂ ಕೊಟ್ಟುಬಿಡ್ತೀನಿ ಅಂತ ಕೂತಿದ್ದೆ. ಅಣ್ಣನೇ ತಡೆದ್ರು."

ಆಸ್ಪತ್ರೆಯಲ್ಲಿ ಗಂಡನ ಹಾಸಿಗೆಯ ಪಕ್ಕ ಈ ಮೂವರೂ ಪಾಳಿ ಹಾಕಿಕೊಂಡು ಕೂತಿದ್ದರು. ಔಷಧಿ ಅಂಗಡಿಯವರು ಊರೆಲ್ಲ ಸುತ್ತಿ ಸಿಗದ ಇಂಜೆಕ್ಷನ್ ಹುಡುಕಿ ತಂದಿದ್ದರು. ಕೊನೆಯ ದಿನ ಅವಳನ್ನು ಮನೆಗೆ ಕರೆತಂದು ಬೀಗ ತೆಗೆದವರು ಡಾಕ್ಟರು. ಮೇಷ್ಟ್ರ ಕಣ್ಣಲ್ಲಿ ನೀರು ನೋಡುತ್ತ ಅವಳ ಬಾಯಿಂದ "ಕೂತ್ಕೊಳ್ಳಿ ಮೇಷ್ಟ್ರೇ" ಎಂಬುದಷ್ಟೇ ಹೊರಟಿತು.

ಅಡುಗೆಮನೆಯಲ್ಲಿ ಫೋನ್ ಬಡಿದುಕೊಳ್ಳತೊಡಗಿತು. ಅವಳು ಒಳಗೆ ಹೋದಳು.

"ಹೇಳಿದ್ಯಾ?" ಎಂದಳು ಗೆಳತಿ.

"ಹೇಳಿದೆ."

"ಏನಂದ್ರು? ಸಿಟ್ಟು ಮಾಡ್ಕೊಂಡ್ರಾ?"

"ಇಲ್ಲ. ಒಪ್ಪಿದ್ರು."

"ಮತ್ತೆ ದನಿ ಯಾಕೆ ಹೀಗಿದೆ? ಮುಂದಿನ ವಾರದಿಂದ ಬರಲ್ಲ ತಾನೇ?"

ಅವಳು ಹಾಲ್‌ನತ್ತ ನೋಡಿದಳು. ಗಂಡನ ಬೆತ್ತದ ಕುರ್ಚಿಯನ್ನು ಅವನು ಹೋದ ಮೇಲೆ ಯಾರೂ ಮುಟ್ಟಿರಲಿಲ್ಲ. ಈಗ ಮೂವರೂ ಸೇರಿ ಅದನ್ನು ಎತ್ತಿ ತಂದು ಎರಡು ಸ್ಪೀಕರುಗಳ ಸರಿಮಧ್ಯಕ್ಕೆ ಇಡುತ್ತಿದ್ದರು. ಮೇಷ್ಟ್ರು ತಮ್ಮ ಹೆಗಲ ಮೇಲಿನ ವಸ್ತ್ರದಿಂದ ಅದರ ಧೂಳು ಒರೆಸಿದರು. ಕೆಳಗೆ ನೆಲದ ಮೇಲೆ ಕಪಾಟಿನಿಂದ ತೆಗೆದ ಆಲ್ಬಮ್ಮುಗಳ ಒಂದು ಸಾಲು ಆಗಲೇ ಬೆಳೆಯುತ್ತಿತ್ತು.

"ಅಲ್ಲಲ್ಲ, ತುತ್ತೂರಿಯದ್ದು ಮೊದಲು," ಎನ್ನುತ್ತಿದ್ದರು ಡಾಕ್ಟರು. "ಈ ವಾರ ತುತ್ತೂರಿ, ಮುಂದಿನ ವಾರ ಸ್ಯಾಕ್ಸೊಫೋನ್. ಅತ್ತಿಗೆಗೆ ಯಾವುದು ಇಷ್ಟ ಅಂತ ಸಿಗೋವರೆಗೂ ಬಿಡೋದು ಬೇಡ."

"ಏನೇ? ಹೇಳು," ಎಂದಳು ಗೆಳತಿ. "ಪ್ಯಾಕಿಂಗ್‌ನವಳಿಗೆ ಬೇಡ ಅಂತ ಹೇಳ್ಲಾ, ಹೂಂ ಅನ್ಲಾ?"

"ಅತ್ತಿಗೆ, ಬನ್ನಿ!" ಮೇಷ್ಟ್ರು ಕೂಗಿದರು. "ನೀವು ಕೂರದೆ ಶುರು ಮಾಡಲ್ಲ."

ಔಷಧಿ ಅಂಗಡಿಯವರು ಸೂಜಿಯ ತೋಳನ್ನು ಎತ್ತಿ ಹಿಡಿದು ನಿಂತಿದ್ದರು. ಕೆಳಗೆ ರೆಕಾರ್ಡು ಸದ್ದಿಲ್ಲದೆ ಸುತ್ತುತ್ತಿತ್ತು. ಮೂವರೂ ಬಾಗಿಲತ್ತ ನೋಡುತ್ತಿದ್ದರು, ಉಡುಗೊರೆಯ ಕಟ್ಟು ಬಿಚ್ಚುವುದನ್ನು ಕಾಯುವವರ ಹಾಗೆ.

ಅವಳು ಫೋನು ಕೈಯಲ್ಲೇ ಹಿಡಿದು ಹೋಗಿ ಕುರ್ಚಿಯಲ್ಲಿ ಕೂತಳು. ಬೆತ್ತ ನಡುವಿನಲ್ಲಿ ಕುಗ್ಗಿತ್ತು. ದೊಡ್ಡ ಮೈಯೊಂದು ವರ್ಷಗಟ್ಟಲೆ ಕೂತು ಮಾಡಿದ ಗುಂಡಿಯೊಳಗೆ ಅವಳು ಇಳಿದಳು. ಸೂಜಿ ಕೆಳಗೆ ಬಂತು. ಮೂವರೂ ಅವಳ ಮುಖವನ್ನೇ ನೋಡತೊಡಗಿದರು.

ಮಡಿಲಲ್ಲಿದ್ದ ಫೋನು ಇನ್ನೂ ಬೆಳಗುತ್ತಿತ್ತು. ಅದರೊಳಗಿಂದ ಸಣ್ಣಗೆ, "ಹಲೋ... ಹಲೋ, ಇದೀಯಾ?" ಎಂದು ಕೇಳಿಬಂತು. ಡಾಕ್ಟರ ಹುಬ್ಬು ಮೇಲೇರಿತು. ಅವಳು ಅಂಗೈಯಿಂದ ಫೋನನ್ನು ಮುಚ್ಚಿದಳು. ಬೆರಳುಗಳ ಸಂದಿಯಲ್ಲಿ ಸ್ವಲ್ಪ ಹೊತ್ತು ಬೆಳಕಿತ್ತು.