ಒಂಬತ್ತು ಗಂಟೆಯ ಬ್ಯಾಟರಿ

ಮೂವತ್ತು ವರ್ಷದಿಂದ ಊರವರ ಗಡಿಯಾರ ರಿಪೇರಿ ಮಾಡುತ್ತಾ ಬಂದವನು ನಾನು. ಐದು ನಿಮಿಷ ತಡವಾಗಿ ಬಂದವರನ್ನು ಬೈಯದೆ ಬಿಟ್ಟವನಲ್ಲ. ಅಂಥವನು ಹೊತ್ತಿನ ಲೆಕ್ಕದಲ್ಲೇ ಮುಗ್ಗರಿಸಿದೆ. ದೀಪದ ಬುಡದಲ್ಲೇ ಕತ್ತಲೆ.

ಅಮ್ಮನಿಗೆ ಶ್ವಾಸಕೋಶದ ಕಾಯಿಲೆ. ಮೂಗಿಗೆ ನಳಿಕೆ, ಹೆಗಲಿಗೆ ಆಮ್ಲಜನಕದ ಪುಟ್ಟ ಯಂತ್ರ. ದೂರದ ದೇಶದಲ್ಲಿದ್ದ ದೊಡ್ಡಮ್ಮನಿಗೆ ನಾವು ಹೊರಡುವ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಹೃದಯದ ಆಪರೇಷನ್. ಉಳಿಯುವ ಭರವಸೆ ಕೊಡಲಾರೆವು ಎಂದಿದ್ದರು ಡಾಕ್ಟರು. ಅಷ್ಟರೊಳಗೆ ಅಕ್ಕನ ಮುಖ ನೋಡಲೇಬೇಕೆಂದು ಅಮ್ಮ ಪಟ್ಟು ಹಿಡಿದಳು. ಅವರಿಬ್ಬರೂ ಒಬ್ಬರನ್ನೊಬ್ಬರು ಕಂಡು ಇಪ್ಪತ್ತೆರಡು ವರ್ಷವಾಗಿತ್ತು.

ಇಂಥ ಯಂತ್ರ ಒಯ್ಯುವವರ ಬಳಿ ಹಾರಾಟದ ಒಂದೂವರೆ ಪಟ್ಟು ಹೊತ್ತಿಗಾಗುವಷ್ಟು ಬ್ಯಾಟರಿ ಇರಬೇಕೆಂದು ವಿಮಾನದವರು ಮೊದಲೇ ತಿಳಿಸಿದ್ದರು. ಟಿಕೆಟ್ ನೋಡಿದೆ. ಬೆಳಿಗ್ಗೆ ಒಂಬತ್ತಕ್ಕೆ ಹೊರಟು ಮಧ್ಯಾಹ್ನ ಮೂರಕ್ಕೆ ಇಳಿಯುತ್ತದೆ, ಅಂದರೆ ಆರು ಗಂಟೆ. ಒಂದೂವರೆ ಪಟ್ಟು ಎಂದರೆ ಒಂಬತ್ತು. ಮೂರು ಮೂರು ಗಂಟೆ ಬಾಳುವ ಮೂರು ಬ್ಯಾಟರಿಗಳನ್ನು ಚೀಲಕ್ಕೆ ಹಾಕಿಕೊಂಡು ಜಂಬದಿಂದ ಹೊರಟೆ.

ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ ಬ್ಯಾಟರಿ ಎಣಿಸಿ ಅಡ್ಡಡ್ಡ ತಲೆಯಾಡಿಸಿದಳು.

"ಇಳಿಯೋ ಟೈಮು ಅಲ್ಲಿನ ಗಡಿಯಾರದ್ದು ಸಾರ್. ಅಲ್ಲಿ ಐದು ಗಂಟೆ ಹಿಂದೆ. ಎಂಟೂವರೆ ಸಾವಿರ ಕಿಲೋಮೀಟರು, ಹನ್ನೊಂದು ಗಂಟೆ ಹಾರಾಟ. ನಿಮಗೆ ಹದಿನಾರೂವರೆ ಗಂಟೆಯ ಬ್ಯಾಟರಿ ಬೇಕು."

ಅಟ್ಟ ಮೇಲೆ ಒಲೆ ಉರಿಯಿತು. ನಾಚಿಕೆಗೆ ಅವಳ ಮೇಲೆಯೇ ರೇಗಿದೆ. ಅವಳು ಜಗ್ಗಲಿಲ್ಲ. ಬೇರೆ ದಾರಿ ಕಾಣದೆ, ಮನೆಗೆ ಹೋಗೋಣ, ಫೋನಿನಲ್ಲೇ ಮಾತಾಡು ಎಂದು ಅಮ್ಮನಿಗೆ ಹೇಳಿದೆ. ಅಮ್ಮ ನನ್ನತ್ತ ತಿರುಗಿಯೂ ನೋಡದೆ ಕೌಂಟರಿಗೆ ಮೊಣಕೈ ಊರಿದಳು.

"ಪೂರ್ತಿ ದೂರ ಒಂದೇ ಸಲ ಹಾರ್ಬೇಕಾ ತಾಯಿ? ಎರಡು ತುಂಡು ಮಾಡಿ ಕೊಡು. ಮಧ್ಯೆ ಇಳಿದು ಚಾರ್ಜ್ ಮಾಡ್ಕೋತೀವಿ."

ಹುಡುಗಿ ಬಹಳ ಹೊತ್ತು ಕಂಪ್ಯೂಟರಿನ ಕೀಲಿ ಒತ್ತಿದಳು. ಸಂಜೆ ಐದಕ್ಕೆ ಒಂದು ವಿಮಾನ ಸಿಕ್ಕಿತು. ಐದೂವರೆ ಗಂಟೆ ಹಾರಾಟ, ನಡುವೆ ಏಳು ಗಂಟೆ ಬಿಡುವು, ಮತ್ತೆ ಐದೂವರೆ ಗಂಟೆ. ಒಂದೊಂದು ತುಂಡಿಗೂ ನಮ್ಮ ಒಂಬತ್ತು ಗಂಟೆ ಸಾಕಾಗುತ್ತಿತ್ತು. ಇಳಿಯುವುದು ಅಲ್ಲಿನ ಬೆಳಿಗ್ಗೆ ಆರಕ್ಕೆ. ಇಷ್ಟು ದಣಿವು ನಿನ್ನಿಂದ ತಡೆಯಲಾಗುವುದಿಲ್ಲ ಎಂದು ನಾನು ಗೊಣಗಿದೆ.

"ಉಸಿರು ನಂದು ಕಣೋ. ನೀನು ಪ್ಲಗ್ ಹುಡುಕು, ಸಾಕು."

ಹುಡುಕಿದೆ. ಸಂಜೆಯವರೆಗೆ ಇಲ್ಲೇ ಯಂತ್ರವನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಬ್ಯಾಟರಿ ಉಳಿಸಿದೆ. ನಡುವಿನ ನಿಲ್ದಾಣದ ಕಂಬವೊಂದರ ಬುಡದಲ್ಲಿ ನೆಲಕ್ಕೆ ಕೂತು, ಎರಡು ಗಂಟೆಗೊಂದರಂತೆ ಮೂರು ಬ್ಯಾಟರಿ ತುಂಬಿಸಿದೆ. ಫೋನ್ ಚಾರ್ಜ್ ಮಾಡಲು ಬಂದವರನ್ನೆಲ್ಲ ಗುರುಗುಟ್ಟಿ ಓಡಿಸಿದೆ. ಅಮ್ಮ ಪಕ್ಕದ ಪ್ಲಗ್ಗಿಗೆ ಯಂತ್ರ ಸಿಕ್ಕಿಸಿಕೊಂಡು ಕೂತೇ ತೂಕಡಿಸಿದಳು. ಅವಳ ತುಟಿ ನೀಲಿಯಾಗಿದೆಯೇ ಎಂದು ಹತ್ತು ಸಲ ನೋಡಿದೆ. ನಿಜವಾಗಿಯೂ ಹೆದರಿದ್ದೆ.

ಆಸ್ಪತ್ರೆ ಮುಟ್ಟಿದಾಗ ಎಂಟೂಕಾಲು. ದೊಡ್ಡಮ್ಮನನ್ನು ಆಗಲೇ ತಳ್ಳುಮಂಚದ ಮೇಲೆ ಮಲಗಿಸಿದ್ದರು. ಅಮ್ಮ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ದೊಡ್ಡಮ್ಮ ಅವಳ ಮೂಗಿನ ನಳಿಕೆ ನೋಡಿದಳು, ಹೆಗಲ ಯಂತ್ರ ನೋಡಿದಳು.

"ಎಷ್ಟೊತ್ತು ಹಿಡೀತೇ ಬರೋಕೆ?"

"ಇಪ್ಪತ್ತೆರಡು ವರ್ಷ ಕಣೇ ಅಕ್ಕಾ."

ನಾನು ತಿದ್ದಲು ಹೋಗಲಿಲ್ಲ. ಆ ಲೆಕ್ಕ ಸರಿಯಾಗಿತ್ತು.