ಒಳಗಿನ ಚಿಲಕ

ಮನೆಯ ದುರಸ್ತಿಗೆ ಕೈ ಹಾಕಿದವರಲ್ಲಿ ಮೊದಲು ಕುಸಿಯುವುದು ತಾಳ್ಮೆ. ಗೋಡೆಯ ಸರದಿ ಆಮೇಲಿನದು.

ನಾವೇನು ಅರಮನೆ ಕಟ್ಟಲು ಹೊರಟವರಲ್ಲ. ಅಕ್ಕನಿಗೊಂದು ಬಚ್ಚಲುಮನೆ ಬೇಕಾಗಿತ್ತು, ಅಷ್ಟೆ. ಅಪಘಾತದಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡು ಗಾಲಿಕುರ್ಚಿ ಹಿಡಿದ ಮೇಲೆ, ಬಚ್ಚಲಿಗೆ ಹೋಗಬೇಕಾದಾಗಲೆಲ್ಲ ಅವಳು ಭಾವನನ್ನು ಕೂಗಬೇಕಾಗಿತ್ತು. ಊರೂರು ಸುತ್ತುವುದು ಬಿಟ್ಟು ನಾನು ಮನೆಯಲ್ಲಿರುವ ದಿನಗಳಲ್ಲಿ ನನ್ನನ್ನು. ತೋಳುಗಳಲ್ಲಿ ಅವಳಿಗೆ ಬೇಕಾದಷ್ಟು ಬಲವಿತ್ತು. ಕುರ್ಚಿ ಒಳಗೆ ಹೋಗುವಂತಿದ್ದು ಗೋಡೆಗೆ ಹಿಡಿಕೆಗಳಿದ್ದರೆ ಮಿಕ್ಕದ್ದನ್ನೆಲ್ಲ ತಾನೇ ನೋಡಿಕೊಳ್ಳಬಲ್ಲೆನೆಂದಳು. ಮೇಸ್ತ್ರಿಗೆ ಅವಳು ಹೇಳಿದ್ದು ಒಂದೇ ಮಾತು: "ನಾನು ಯಾರನ್ನೂ ಕೂಗದೆ ಹೋಗಿ ಬರೋ ಹಾಗಿರ್ಬೇಕು."

"ಅಷ್ಟೇ ತಾನೆ ಅಮ್ಮಾ? ಆಯ್ತು ಅಂದ್ಕೊಳಿ," ಎಂದರು ಮೇಸ್ತ್ರಿ. ಅದಾದ ಮೇಲೆ ನಾವು ಅಂದುಕೊಳ್ಳುತ್ತಲೇ ಇದ್ದೆವು. ಆದದ್ದು ಮಾತ್ರ ಏನೂ ಇಲ್ಲ.

ಮಾತಿನಲ್ಲೇ ಮಾಳಿಗೆ ಏರಿಸುವ ಆಸಾಮಿ ಅವರು. ನೆಲ ಮುಗಿಯಿತೆಂದು ಕರೆದರು. ಹೋಗಿ ನೋಡಿದರೆ ಬಾಗಿಲಿಗೆ ಅಡ್ಡವಾಗಿ ಗೇಣೆತ್ತರದ ಕಲ್ಲಿನ ಹೊಸ್ತಿಲು ಕೂತಿತ್ತು. ಗಾಲಿ ಇದನ್ನು ಹೇಗೆ ಹತ್ತಬೇಕೆಂದು ಕೇಳಿದ್ದಕ್ಕೆ, ಹೊಸ್ತಿಲಿಲ್ಲದ ಬಾಗಿಲು ಹಲ್ಲಿಲ್ಲದ ಬಾಯಿ ಇದ್ದ ಹಾಗೆ ಎಂದು ನನಗೇ ಬುದ್ಧಿ ಹೇಳಿದರು. ಎರಡು ದಿನದ ಜಗಳದ ನಂತರ ಅದನ್ನು ಕೀಳಿಸಿದ್ದಾಯಿತು. ಕೀಳುವ ಭರದಲ್ಲಿ ಸುತ್ತಲಿನ ನಾಲ್ಕು ಟೈಲುಗಳು ಬಿರುಕುಬಿಟ್ಟವು. ಬಾಗಿಲನ್ನು ಹೊರಕ್ಕೆ ತೆರೆಯುವಂತೆ ಹೇಳಿದ್ದರೆ ಒಳಕ್ಕೆ ಕೂರಿಸಿದ್ದರು. ಅದೂ ಓರೆಯಾಗಿ, ಬಿಟ್ಟ ಕೂಡಲೇ ಮೆಲ್ಲನೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಇದಕ್ಕೂ ಅವರ ಬಳಿ ಸಮಾಧಾನ ಸಿದ್ಧವಿತ್ತು: ತಾನೇ ಮುಚ್ಚಿಕೊಳ್ಳಲಿ ಎಂದು ಜನ ದುಡ್ಡು ಕೊಟ್ಟು ಸ್ಪ್ರಿಂಗ್ ಹಾಕಿಸುತ್ತಾರಂತೆ, ನಮಗೆ ಅದು ಪುಕ್ಕಟೆ ಸಿಕ್ಕಿದೆಯಂತೆ.

ಭಾವನ ಸ್ವಭಾವ ಇವೆಲ್ಲಕ್ಕೂ ಒಗ್ಗುವಂಥದು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟಿ ಎನ್ನುವವರು. ಸಂಜೆ ನಾನು ಕೂಗಾಡಿ ಸೋತು ಕೂತರೆ, "ಹೋಗ್ಲಿ ಬಿಡಪ್ಪ, ಪಾಪ, ಬಿಸಿಲಲ್ಲಿ ಮಾಡ್ತಾರೆ," ಎನ್ನುತ್ತಿದ್ದರು. ಬಚ್ಚಲುಮನೆಯೊಳಗೆ ಬಿಸಿಲೆಲ್ಲಿಂದ ಬಂತೆಂದು ಕೇಳುವ ಚೈತನ್ಯವೂ ನನ್ನಲ್ಲಿ ಉಳಿದಿರುತ್ತಿರಲಿಲ್ಲ.

ಎಲ್ಲಕ್ಕಿಂತ ತಲೆ ಕೆಡಿಸಿದ್ದು ಬಾಗಿಲಿನ ಅಗಲ. ಮೇಸ್ತ್ರಿ ಖಾಲಿ ಕುರ್ಚಿಯನ್ನು ಒಂದೇ ಬೆರಳಿನಿಂದ ಒಳಗೆ ತಳ್ಳಿ, ಹೊರಗೆಳೆದು, ಜಾತ್ರೆಯಲ್ಲಿ ಆಟ ತೋರಿಸುವವರಂತೆ ನಮ್ಮತ್ತ ತಿರುಗಿ ನಕ್ಕರು. ಕುರ್ಚಿಗೂ ಬಾಗಿಲ ಚೌಕಟ್ಟಿಗೂ ನಡುವೆ ಆಚೆಗೊಂದು ಬೆರಳು, ಈಚೆಗೊಂದು ಬೆರಳು ಜಾಗವಿತ್ತು. ಆಮೇಲೆ ಅಕ್ಕ ಕೂತು ಗಾಲಿ ತಿರುಗಿಸಿದಳು. ಬಾಗಿಲ ಬಳಿ ಬರುತ್ತಲೇ ಗಾಲಿ ಹಿಡಿದಿದ್ದ ಎರಡೂ ಕೈಗಳ ಗೆಣ್ಣುಗಳು ಚೌಕಟ್ಟಿನ ಅಂಚಿಗೆ ತರಚಿ ರಕ್ತ ಜಿನುಗಿತು. ಹಿಂದೆ ಹೊಲಿಗೆಯಂಗಡಿ ನಡೆಸಿದವಳು ಅವಳು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, "ಮೈ ಬಿಟ್ಟು ಹ್ಯಾಂಗರ್ ಅಳತೆಗೆ ಅಂಗಿ ಹೊಲಿದಿದ್ದೀರಲ್ಲ ಮೇಸ್ತ್ರಿ," ಎಂದಳು.

ಹಿಂದಿನಿಂದ ಯಾರಾದರೂ ತಳ್ಳಿದರೆ ತೊಂದರೆಯೇ ಇಲ್ಲವೆಂಬುದು ಅವರ ಉತ್ತರವಾಗಿತ್ತು.

ಮರುದಿನ ಬಿಲ್ಲು ಬಂತು. ಹೊಸ್ತಿಲು ಇಟ್ಟದ್ದಕ್ಕೆ ಒಂದು ಮೊತ್ತ. ಅದೇ ಹೊಸ್ತಿಲು ಕಿತ್ತದ್ದಕ್ಕೆ 'ಹೆಚ್ಚುವರಿ ಕೆಲಸ' ಎಂದು ಇನ್ನೊಂದು, ಮೊದಲಿನದಕ್ಕಿಂತ ದೊಡ್ಡದು. ಒಡೆದ ಟೈಲುಗಳ ಬೆಲೆಯೂ ನಮ್ಮ ತಲೆಗೇ. ಬಾಗಿಲು ಅಗಲ ಮಾಡುವುದು ಬೇರೆಯೇ ಲೆಕ್ಕವೆಂದೂ, ಇಂದು ಪೂರ್ತಿ ಹಣ ಕೈಸೇರದಿದ್ದರೆ ಆಳುಗಳನ್ನು ಬೇರೆ ಮನೆಗೆ ಕಳಿಸುವುದಾಗಿಯೂ ಅವರು ತಣ್ಣಗೆ ತಿಳಿಸಿದರು. ಇಡುವುದೂ ಕೆಲಸ, ಕೀಳುವುದೂ ಕೆಲಸವೇ ತಾನೆ ಎನ್ನುತ್ತ ಭಾವ ಚೆಕ್ಕು ಬರೆಯತೊಡಗಿದಾಗ ಗೋಡೆಗೆ ತಲೆ ಚಚ್ಚಿಕೊಳ್ಳೋಣವೆನ್ನಿಸಿತು. ಗೋಡೆ ಕಟ್ಟಿದವರು ಯಾರೆಂಬುದು ನೆನಪಾಗಿ, ಅದು ತಡೆಯಲಾರದೆಂದು ಸುಮ್ಮನಾದೆ.

ಅಕ್ಕ ಚೆಕ್ಕಿನ ಮೇಲೆ ಕೈಯಿಟ್ಟಳು. ಮೇಸ್ತ್ರಿಯ ಮುಂದೆ ಅವಳಿಟ್ಟ ಷರತ್ತು ಸರಳವಾಗಿತ್ತು. ಅವರು ಅವಳ ಕುರ್ಚಿಯಲ್ಲಿ ಕೂತು, ಕಾಲು ನೆಲಕ್ಕೆ ತಾಗಿಸದೆ, ಯಾರನ್ನೂ ಕರೆಯದೆ ಬಚ್ಚಲಿಗೆ ಹೋಗಿ ಹೊರಬಂದರೆ ಪೂರ್ತಿ ಹಣ, ಈಗಲೇ. ಆಗದಿದ್ದರೆ ಹೊಸ್ತಿಲಿನ ಎರಡೂ ಬಾಬತ್ತು, ಟೈಲಿನ ಬೆಲೆ ರದ್ದು. ಬಾಗಿಲು ಅವರ ಖರ್ಚಿನಲ್ಲೇ ಅಗಲವಾಗಬೇಕು, ಹೊರಕ್ಕೆ ತೆರೆಯಬೇಕು.

ಮೇಸ್ತ್ರಿ ನಕ್ಕರು. ನನ್ನ ತೋಳಿನಾಸರೆಯಲ್ಲಿ ಅಕ್ಕ ಮಂಚಕ್ಕೆ ಜಾರಿದಳು. ಅವರು ಅವಳ ಕುರ್ಚಿಯಲ್ಲಿ ಕೂತರು. ಬಾಗಿಲ ಬಳಿ ಮೊದಲ ಸಲ ಗೆಣ್ಣು ತರಚಿದಾಗ ಹಲ್ಲು ಕಚ್ಚಿದರು. ಎರಡನೆಯ ಸಲ ಜಾಣತನ ತೋರಿ, ಗಾಲಿ ಬಿಟ್ಟು, ಚೌಕಟ್ಟನ್ನೇ ಹಿಡಿದು ಮೈಯನ್ನು ಒಳಗೆಳೆದುಕೊಂಡರು. ಕುರ್ಚಿ ಒಳಹೊಕ್ಕಿತು. ಅವರ ಬೆನ್ನ ಹಿಂದೆ ಅವರೇ ಕೂರಿಸಿದ ಬಾಗಿಲು ಮೆಲ್ಲನೆ ತಾನಾಗಿ ಮುಚ್ಚಿಕೊಂಡಿತು.

ಒಳಗೆ ಗಾಲಿ ಗೋಡೆಗೆ ಬಡಿಯುವ ಸದ್ದು. ಬಕೆಟ್ ಉರುಳಿದ ಸದ್ದು. ಕುರ್ಚಿಯನ್ನು ತಿರುಗಿಸಲು ಅಲ್ಲಿ ಜಾಗವಿರಲಿಲ್ಲ. ಬಾಗಿಲನ್ನು ಒಳಗೆಳೆಯೋಣವೆಂದರೆ ಅದಕ್ಕೆ ಕುರ್ಚಿಯೇ ಅಡ್ಡ. ಆಮೇಲೆ ಸಣ್ಣ ದನಿಯೊಂದು ಬಂತು.

"ಸಾರ್, ಸ್ವಲ್ಪ ಬಾಗಿಲು ತಳ್ತೀರಾ?"

ಭಾವ ಎದ್ದರು. ಅಕ್ಕ ಅವರ ಅಂಗಿಯ ಚುಂಗು ಹಿಡಿದು ಕೂರಿಸಿದಳು.

"ಕೂತ್ಕೊಳಿ ನೀವು. ಮೊದಲನೇ ಕೂಗು ಈ ಮನೇಲಿ ಯಾರಿಗೂ ಕೇಳ್ಸಲ್ಲ. ನಾನು ಮೂರು ಸಲ ಕೂಗ್ಬೇಕು, ಆಮೇಲೆ 'ಬಂದೆ ಬಂದೆ' ಅನ್ನೋದು ಕೇಳ್ಬೇಕು. ಅದಾದ್ಮೇಲೇ ನೀವು ಬರೋದು. ಅವರಿಗೂ ಅಷ್ಟೇ ಆಗ್ಲಿ."

ಭಾವ ತಲೆ ತಗ್ಗಿಸಿದರು. ಅವಳ ಮಾತಿನ ಅರ್ಧ ನನಗೆ ಸೇರಿದ್ದೆಂದು ನನಗೂ ಗೊತ್ತಿತ್ತು. ಎರಡನೆಯ ಕೂಗಿನಲ್ಲಿ ಸಾರ್ ಹೋಗಿ ಸ್ವಾಮಿ ಬಂತು. ಮೂರನೆಯದರಲ್ಲಿ ಅವರು ಕರೆದದ್ದು ಅಕ್ಕನನ್ನೇ: "ಅಮ್ಮಾ, ಆಗ್ಲಿಲ್ಲ."

ನಾನು ಬಾಗಿಲು ತಳ್ಳಿ, ಸಂದಿನಲ್ಲಿ ಕೈ ತೂರಿಸಿ, ಕುರ್ಚಿಯನ್ನು ಓರೆ ಮಾಡಿ ಅವರನ್ನು ಹೊರಗೆಳೆದೆ. ಮೇಸ್ತ್ರಿ ಗೆಣ್ಣುಗಳನ್ನು ಊದಿಕೊಳ್ಳುತ್ತ ಬಿಲ್ಲು ತೆಗೆದುಕೊಂಡು ಮೂರು ಸಾಲು ಹೊಡೆದುಹಾಕಿದರು. ಅಷ್ಟರಿಂದ ಅವರು ಬೇರೆ ಮನುಷ್ಯರಾದರೆಂದು ಯಾರೂ ತಿಳಿಯಬಾರದು. ಕೂಲಿ ತನ್ನದಾದರೂ ಸಿಮೆಂಟು ನಮ್ಮದೇ ಎಂದು ಹೊರಡುವ ತನಕ ವಾದಿಸಿದರು. ಅರ್ಧ ಚೀಲಕ್ಕೆ ಒಪ್ಪಿಸಿಯೇ ಹೋದರು.

ಎಂಟು ದಿನ ಮತ್ತೆ ಧೂಳು, ಮತ್ತೆ ಸುತ್ತಿಗೆ. ಕೊನೆಗೊಂದು ಸಂಜೆ ಬಾಗಿಲು ಅಗಲವಾಗಿ, ಹೊರಕ್ಕೆ ತೆರೆಯುವಂತಾಗಿ ನಿಂತಿತು. ಅಕ್ಕ ಯಾರತ್ತಲೂ ನೋಡದೆ ಗಾಲಿ ತಿರುಗಿಸಿಕೊಂಡು ಹೋದಳು. ಗೆಣ್ಣು ಎಲ್ಲಿಯೂ ತಾಗಲಿಲ್ಲ. ಬಾಗಿಲು ಮುಚ್ಚಿತು, ಒಳಗಿನ ಚಿಲಕ ಬಿದ್ದ ಸದ್ದು ಕೇಳಿಸಿತು. ಅಪಘಾತದ ನಂತರದ ಎರಡು ವರ್ಷಗಳಲ್ಲಿ ಅವಳು ತನ್ನ ಕೈಯಾರೆ ಹಾಕಿದ ಮೊದಲ ಚಿಲಕ ಅದು.

ಅಷ್ಟರಲ್ಲಿ ನನ್ನ ಕಣ್ಣು ಗೋಡೆಯ ಮೇಲೆ ಬಿತ್ತು. ದೀಪದ ಸ್ವಿಚ್ಚು ಹೊರಗೇ ಇತ್ತು, ಕೂತವರ ಕೈಗೆ ನಿಲುಕದ ಎತ್ತರದಲ್ಲಿ. ಒಳಗೆ ಕತ್ತಲು. ಭಾವನೂ ಅದನ್ನು ಕಂಡಿರಬೇಕು, ಎದ್ದು ಹೋಗಿ ಕೈ ಚಾಚಿದರು. ಅವರ ಹೆಜ್ಜೆಯ ಸದ್ದು ಒಳಗೂ ಕೇಳಿಸಿತೇನೋ.

"ರೀ, ಆ ಸ್ವಿಚ್ಚು ಮುಟ್ಬೇಡಿ," ಎಂದಿತು ಒಳಗಿನ ದನಿ. "ನಾನು ಕರೆದ್ನಾ?"

ಭಾವ ಕೈ ಹಿಂದೆಗೆದುಕೊಂಡು ಬಂದು ಕೂತರು. ಒಳಗೆ ನಲ್ಲಿ ತಿರುಗಿದ ಸದ್ದು, ಅದರ ಹಿಂದೆಯೇ ಅಕ್ಕನ ಬೈಗುಳ: ಬಿಸಿನೀರಿನ ಕಡೆ ತಣ್ಣೀರು, ತಣ್ಣೀರಿನ ಕಡೆ ಬಿಸಿನೀರು ಕೂರಿಸಿದ ಮೇಸ್ತ್ರಿಯ ವಿದ್ಯೆ, ಬುದ್ಧಿ, ಅವರಿಗೆ ಅಳತೆಪಟ್ಟಿ ಕೊಟ್ಟ ಗುರು, ಯಾವುದನ್ನೂ ಯಾರನ್ನೂ ಅವಳು ಬಿಡಲಿಲ್ಲ. ಬೈಗುಳ ಬಹಳ ಹೊತ್ತು ನಡೆಯಿತು. ನಾವಿಬ್ಬರೂ ಕೂತಲ್ಲಿಂದ ಏಳಲಿಲ್ಲ.